ಕರೆಂಟೇನು ಪುಕ್ಕಟೆ ಬರ್ತತಾ?

ನಮ್ಮ ಮನೆಯಲ್ಲಿ ಚಿಕ್ಕಂದಿನಿಂದ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು. ಇದಕ್ಕೆ ಉತ್ತರ ಹೇಳಬಾರದು. ಕಿವಿಗೆ ಬಿದ್ದ ಕೂಡಲೇ ಎದ್ದು ಹೋಗಿ ಸ್ವಿಚ್ ಆರಿಸಬೇಕು. ಅಪ್ಪ ಇದನ್ನು ಬಚ್ಚಲಿನಿಂದ ಕೇಳುತ್ತಿದ್ದರು, ಹೊರಗಿನ ಕಟ್ಟೆ ಮೇಲಿಂದ ಕೇಳುತ್ತಿದ್ದರು, ಒಮ್ಮೊಮ್ಮೆ ಮಂಪರಿನಲ್ಲಿ ಮಗ್ಗುಲು ಬದಲಿಸುವಾಗಲೂ ಕೇಳುತ್ತಿದ್ದರು. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮದು ನಾಲ್ಕು ಬಲ್ಬಿನ ಮನೆ. ನಾಲ್ಕೂ ಒಟ್ಟಿಗೆ ಉರಿಯುತ್ತಿದ್ದದ್ದು ವರ್ಷಕ್ಕೆ ಒಂದೇ ಸಲ, ದೀಪಾವಳಿ ಅಮಾವಾಸ್ಯೆಯ ರಾತ್ರಿ. ಲಕ್ಷ್ಮಿ ಬರುವ ದಾರಿ ಕತ್ತಲಿರಬಾರದು ಅಂತ. ಪೂಜೆ ಮುಗಿದು, ಲಕ್ಷ್ಮಿ ಒಳಗೆ ಬಂದಿದ್ದಾಳೆ ಅಂತ ಖಾತ್ರಿಯಾದ ಮೇಲೆ ಅಪ್ಪ ಮೂರನ್ನು ಆರಿಸುತ್ತಿದ್ದರು.

ಅಪ್ಪ ಹತ್ತಿ ಮಿಲ್ಲಿನಲ್ಲಿದ್ದರು. ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದ ಕೊನೆಯ ಭಾಗ ಅದು. ರಾತ್ರಿ ಪಾಳಿಯಲ್ಲಿ ಮಿಲ್ಲಿನೊಳಗೆ ಹಗಲಿಗಿಂತ ಜಾಸ್ತಿ ಬೆಳಕು. ಎಂಟು ಗಂಟೆ ಆ ಬೆಳಕಿನಲ್ಲಿ ನೂಲು ನೋಡಿ ನೋಡಿ ಬೆಳಗಿನ ಜಾವ ಮನೆಗೆ ಬಂದವರು, ಅಡುಗೆಮನೆಯ ಒಂದೇ ಒಂದು ಬಲ್ಬು ಕಂಡು "ಇದೇನು ಮಿಲ್ಲಾ?" ಅನ್ನುತ್ತಿದ್ದರು. ಅವ್ವ ಅರೆಗತ್ತಲಲ್ಲೇ ಚಹಾ ಸೋಸುತ್ತಿದ್ದಳು.

ಆ ಅಡುಗೆಮನೆ ಬಲ್ಬು ನನಗೆ ಬಹಳ ಹತ್ತಿರದ ಪರಿಚಯ. 60 ವ್ಯಾಟಿನದು. ಒಗ್ಗರಣೆ ಹೊಗೆಗೆ ಗಾಜು ಕಂದು ಬಣ್ಣಕ್ಕೆ ತಿರುಗಿತ್ತು. ತಿಂಗಳಿಗೊಮ್ಮೆ ಒರೆಸುವ ಕೆಲಸ ನನ್ನದು. ಆರಿಸಿದ ಮೇಲೂ ಸ್ವಲ್ಪ ಹೊತ್ತು ಮುಟ್ಟುವ ಹಾಗಿರಲಿಲ್ಲ, ಬೆರಳು ಚುರ್ ಅನ್ನುತ್ತಿತ್ತು. ಯಾಕೆ ಅಂತ ಆಗ ಯೋಚಿಸಿರಲಿಲ್ಲ. ಟಂಗ್‌ಸ್ಟನ್ ತಂತಿ ಕಾದು ಬೆಳಗುವ ಬಲ್ಬಿಗೆ ನೂರು ಪೈಸೆಯ ಕರೆಂಟು ಕೊಟ್ಟರೆ ಹತ್ತು ಪೈಸೆಯದೂ ಬೆಳಕಾಗುವುದಿಲ್ಲ. ಉಳಿದದ್ದೆಲ್ಲ ಶಾಖ. ಅಂದರೆ ನಾವು ದೀಪ ಅಂತ ತೂಗುಹಾಕಿಕೊಂಡಿದ್ದು ಒಂದು ಸಣ್ಣ ಒಲೆಯನ್ನು. ಅದೂ ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ. ಮಂಡಕ್ಕಿ ಭಟ್ಟಿಯಲ್ಲಾದರೆ ಅಷ್ಟು ಶಾಖಕ್ಕೆ ಮಂಡಕ್ಕಿಯಾದರೂ ಸಿಗುತ್ತಿತ್ತು.

ಅಪ್ಪನ ಉಳಿತಾಯದಲ್ಲಿ ಒಂದು ದೊಡ್ಡ ತೂತಿತ್ತು. ಅದರ ಹೆಸರು ಝೀರೋ ಬಲ್ಬು. ಹೆಸರೇ ಝೀರೋ, ಅಂದಮೇಲೆ ಕರೆಂಟೂ ಝೀರೋ ಅಂತ ಅವರ ನಂಬಿಕೆ. ಅವರದೇನು, ಇಡೀ ಬೀದಿಯ ನಂಬಿಕೆ. ದೇವರ ಮುಂದೆ ಒಂದು ಕೆಂಪು, ನಡುಮನೆಯಲ್ಲಿ ಒಂದು ನೀಲಿ, ರಾತ್ರಿಯಿಡೀ ಉರಿಯುತ್ತಿದ್ದವು. ಇವನ್ನು ಯಾರೂ ಬಲ್ಬಿನ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ. ನಂಬಿಕೆಗೆ ಸಾಕ್ಷಿಯೂ ಇತ್ತು. ಹಳೆಯ ಮೀಟರಿನೊಳಗೆ ಒಂದು ಚಕ್ರ ತಿರುಗುತ್ತಿತ್ತಲ್ಲ, ಅಂಚಿನಲ್ಲಿ ಒಂದು ಗುರುತು? ಅಪ್ಪ ಬ್ಯಾಟರಿ ಬಿಟ್ಟು ಅದನ್ನೇ ನೋಡುತ್ತಾ ನಿಲ್ಲುತ್ತಿದ್ದರು. 60ರ ಬಲ್ಬು ಹಾಕಿದರೆ ಗುರುತು ಸರಿಯುವುದು ಕಾಣುತ್ತಿತ್ತು. ಬರೀ ಝೀರೋ ಬಲ್ಬು ಉರಿಯುವಾಗ ಚಕ್ರ ನಿಂತೇಬಿಟ್ಟ ಹಾಗೆ. ಅಷ್ಟು ಸಣ್ಣ ಕರೆಂಟು ಆ ಚಕ್ರಗಳಿಗೆ ಸರಿಯಾಗಿ ತಟ್ಟುತ್ತಲೇ ಇರಲಿಲ್ಲ. ನಿಜಕ್ಕೂ ಝೀರೋ ಬಲ್ಬು ಎಳೆಯುತ್ತಿದ್ದದ್ದು ಸುಮಾರು 15 ವ್ಯಾಟು. ಎರಡು ಬಲ್ಬು, ರಾತ್ರಿಗೆ 9 ಗಂಟೆ, ತಿಂಗಳಿಗೆ 8 ಯೂನಿಟ್. ನಾನು ಓದುತ್ತಾ ನಿದ್ದೆಹೋಗಿ 60ರ ಬಲ್ಬು ಒಂದು ಗಂಟೆ ಸುಮ್ನೆ ಉರಿದರೆ ಬೆಳಿಗ್ಗೆ ಬೈಗುಳ. ಆ 8 ಯೂನಿಟ್ ಸುಡಬೇಕಾದರೆ ನಾನು 130ಕ್ಕೂ ಜಾಸ್ತಿ ರಾತ್ರಿ ಹಾಗೆ ನಿದ್ದೆಹೋಗಬೇಕಿತ್ತು. ಈ ಲೆಕ್ಕ ಆಗ ಗೊತ್ತಿದ್ದರೆ ಎಷ್ಟು ಪೆಟ್ಟು ತಪ್ಪುತ್ತಿತ್ತೋ. ಇನ್ನೆರಡು ಜಾಸ್ತಿ ಬೀಳುತ್ತಿದ್ದವೋ ಏನೋ.

ನಡುವೆ ಟ್ಯೂಬ್‌ಲೈಟ್ ಬಂತು. ಮೈಮೇಲೆ 40 ವ್ಯಾಟು ಅಂತ ಬರೆದಿದ್ದರೂ ಅದರ ಚೋಕು ತನ್ನ ಪಾಲಿನ ಹತ್ತೋ ಹದಿನೈದೋ ಬೇರೆ ತಿನ್ನುತ್ತಿತ್ತು. ಆಮೇಲೆ ಜಿಲೇಬಿಯ ಹಾಗೆ ಸುತ್ತಿಕೊಂಡ ಸಿಎಫ್‌ಎಲ್ ಬಂತು, ಹೋಯಿತು. ಅದರೊಳಗೆ ಪಾದರಸ ಇದೆ, ಒಡೆಯಬಾರದು ಅಂತ ಗೊತ್ತಾಗುವ ಹೊತ್ತಿಗೆ ನಮ್ಮ ಬೀದಿಯ ಹುಡುಗರು ಸಾಕಷ್ಟು ಒಡೆದಾಗಿತ್ತು.

ಎಲ್‌ಇಡಿ ನಮ್ಮ ಮನೆಗೆ ಬಂದದ್ದು 2016ರಲ್ಲಿ. ಹಿಂದಿನ ವರ್ಷದ ಕೊನೆಗೆ ರಾಜ್ಯ ಸರ್ಕಾರ 'ಹೊಸ ಬೆಳಕು' ಯೋಜನೆ ಶುರು ಮಾಡಿತ್ತು. ಅಂಗಡಿಯಲ್ಲಿ ದುಬಾರಿಯಾಗಿದ್ದ 9 ವ್ಯಾಟಿನ ಬಲ್ಬು ಅಲ್ಲಿ 100 ರೂಪಾಯಿ. ಅಪ್ಪ ಕರೆಂಟ್ ಬಿಲ್ ಹಿಡಿದುಕೊಂಡು ಹೋಗಿ ನಾಲ್ಕು ತಂದರು. ಒಂಬತ್ತು ವ್ಯಾಟು ಅರವತ್ತರಷ್ಟೇ ಬೆಳಕು ಕೊಡುತ್ತೆ ಅಂದರೆ ಮಾತ್ರ ನಂಬಲಿಲ್ಲ. ಹಳೆಯದನ್ನೂ ಹೊಸದನ್ನೂ ಒಂದಾದ ಮೇಲೊಂದು ಹಾಕಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ರಾಹುಕಾಲದ ಸಣ್ಣಕ್ಷರ ಎರಡರಲ್ಲೂ ಓದಿ ನೋಡಿದರು. ಆಮೇಲೆ ಬಾಲ್‌ಪೆನ್ನು ತಗೊಂಡು ಒಂದೊಂದು ಬಲ್ಬಿನ ಬಿಳಿ ಕತ್ತಿನ ಮೇಲೂ ಅವತ್ತಿನ ತಾರೀಖು ಬರೆದರು. ಗ್ಯಾರಂಟಿ ಇರುತ್ತಲ್ಲ, ಅದಕ್ಕೆ. ಆ ಅಭ್ಯಾಸ ಈಗಲೂ ಇದೆ. ನಮ್ಮ ಮನೆಯ ಬಲ್ಬುಗಳಿಗೆಲ್ಲ ಸರಿಯಾದ ಹುಟ್ಟಿದ ತಾರೀಖಿದೆ. ನನ್ನದು ಶಾಲೆ ಮೇಷ್ಟ್ರು ಅಂದಾಜಿಗೆ ಹಾಕಿದ್ದು.

ಅವ್ವನಿಗೆ ಆ ಬೆಳಕು ಸೇರಲಿಲ್ಲ. "ಎಲ್ಲಾರ ಮುಖ ಸುಣ್ಣ ಬಳದಂಗೆ ಕಾಣ್ತತೆ" ಅಂದಳು. ಭಾನುವಾರ ಬೆಣ್ಣೆದೋಸೆ ಕಟ್ಟಿಸಿಕೊಂಡು ಬಂದೆ. ಸೌದೆ ಒಲೆ ಮೇಲೆ ಹೊಂಬಣ್ಣಕ್ಕೆ ಬೆಂದ ದೋಸೆ. ಹೋಟೆಲಿನಲ್ಲಿ ನೋಡಿದಾಗ ಫಳಫಳ ಹೊಳೆಯುತ್ತಿತ್ತು. ಮನೆಯಲ್ಲಿ ಬಾಳೆಎಲೆ ಬಿಚ್ಚಿದರೆ ಜ್ವರದಿಂದ ಎದ್ದವರ ಹಾಗೆ ಬಿಳಚಿಕೊಂಡಿತ್ತು. ಅವ್ವ ಅಂಚು ಎತ್ತಿ ನೋಡಿ, "ಬೆಣ್ಣೆ ಹಾಕಿಲ್ಲೇನು?" ಅಂದಳು. ಬೆಣ್ಣೆ ಬೆರಳಿಗೆ ಅಂಟುತ್ತಿತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟೇ.

ಇದು ಹೀಗೇಕೆ ಅಂತ ಹೇಳಲು ಹೋಗಿ ನಾನೇ ಪಾಠ ಕಲಿತೆ. ಎಲ್‌ಇಡಿಯಲ್ಲಿ ತಂತಿ ಕಾಯಿಸುವ ಗೋಜಿಲ್ಲ. ಸಾಸಿವೆಕಾಳಿನಂಥ ಎಲೆಕ್ಟ್ರಾನಿಕ್ ಚಿಪ್‌ಗಳಿರುತ್ತವೆ, ಅವು ಕೊಡುವುದು ನೀಲಿ ಬೆಳಕು. ಮೇಲೆ ಹಳದಿ ಲೇಪ ಇರುತ್ತೆ. ನೀಲಿಯೂ ಹಳದಿಯೂ ಸೇರಿ ಕಣ್ಣಿಗೆ ಬಿಳಿ. ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು. ಚೆನ್ನಾಗಿ ಬೆಳಗುವ ನೀಲಿಗೆ ಇನ್ನೂ ಮೂವತ್ತು ವರ್ಷ ಕಾಯಬೇಕಾಯಿತು. ಅದನ್ನು ಮಾಡಿ ತೋರಿಸಿದ ಅಕಾಸಾಕಿ, ಅಮಾನೊ, ನಕಮುರಾ ಅನ್ನುವ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಇಷ್ಟನ್ನೂ ನಾನು ಉಸಿರು ಹಿಡಿದು ಹೇಳಿ ಮುಗಿಸಿದರೆ, ಅವ್ವ "ಅದೇ ಮತ್ತೆ, ನಿಮ್ಮಪ್ಪನ ಪಂಚೆಗೆ ನೀಲಿ ಹಾಕ್ದಂಗೆ" ಅಂದಳು. ಹೌದಲ್ವಾ! ಹಳದಿಗಟ್ಟಿದ ಪಂಚೆಗೆ ನೀಲಿ ಸೇರಿದರೆ ಬಿಳಿ. ಅಷ್ಟೇ ವಿಷಯ. ನೀಲಿ ಸ್ವಲ್ಪ ಜಾಸ್ತಿಯಾದರೆ ಪಂಚೆ ಹೇಗೆ ಕಾಣುತ್ತೋ, ನಮ್ಮ ಮುಖಗಳೂ ಹಾಗೇ ಕಾಣುತ್ತಿದ್ದವು. ಬಲ್ಬಿನ ಡಬ್ಬಿ ಮೇಲೆ 6500 ಕೆಲ್ವಿನ್ ಅಂತ ಬರೆದಿತ್ತು, ಬೆಳಕಿನ ಬಣ್ಣದ ಅಳತೆ ಅದು. 3000ದ್ದು ತಂದರೆ ಹಳೆಯ ಬಲ್ಬಿನ ಬಣ್ಣ ಬರುತ್ತೆ.

ತರಲು ಮಂಡಿಪೇಟೆಗೆ ಹೋದೆ. ನಾಲ್ಕು ಅಂಗಡಿ ಸುತ್ತಿದೆ. ಎಲ್ಲರ ಬಳಿಯೂ ಬಿಳಿಯೇ. ಐದನೆಯ ಅಂಗಡಿಯವನು ಅಟ್ಟದ ಮೇಲಿಂದ ಧೂಳು ಹಿಡಿದ ಎರಡು ಡಬ್ಬಿ ತೆಗೆದ. "ಯಾರೂ ಕೇಳಲ್ಲ ಸರ್ ಇದನ್ನ. ಹಳದಿ ಬೆಳಕು ಬಿದ್ರೆ ವೋಲ್ಟೇಜ್ ಇಲ್ಲ ಅಂತಾರೆ" ಅಂದ. ನನಗೆ ಇದು ನೊಬೆಲ್‌ಗಿಂತ ದೊಡ್ಡ ಸಂಗತಿ ಅನ್ನಿಸಿತು. ನಮ್ಮ ಕಡೆಯವರು ಬಿಳಿ ಬೆಳಕಿಗೆ ಯಾಕೆ ಸಾಯುತ್ತಾರೆ ಅಂತ ಗೊತ್ತಾಯಿತು. ಬೇಸಿಗೆಯಲ್ಲಿ ಹಳ್ಳಿ ಹಳ್ಳಿಯ ಪಂಪ್‌ಸೆಟ್ಟೆಲ್ಲ ಒಟ್ಟಿಗೆ ಶುರುವಾದರೆ ಬಲ್ಬಿನೊಳಗಿನ ತಂತಿ ಬೀಡಿ ತುದಿಯಷ್ಟೇ ಕೆಂಪಗಾಗುತ್ತಿತ್ತು. ಆ ಬೆಳಕಿನಲ್ಲಿ ಊಟ ಮಾಡಿ, ಓದಿ, ಅನ್ನದಲ್ಲಿ ಕಲ್ಲು ಹುಡುಕಿ ಬೆಳೆದವರಿಗೆ ಹಳದಿ ಅಂದರೆ ಬಡತನ. ಅದನ್ನು ದುಡ್ಡು ಕೊಟ್ಟು ಯಾರು ತರುತ್ತಾರೆ? ನಾನು ತಂದೆ. ದೋಸೆ ತಿನ್ನುವ ಜಾಗದ ಮೇಲೆ ಒಂದು ಹಾಕಿದೆ. ಬಂದವರೆಲ್ಲ ತಲೆ ಎತ್ತಿ ನೋಡಿ ವೋಲ್ಟೇಜ್ ವಿಚಾರಿಸುತ್ತಾರೆ.

ಈ ಹೊತ್ತಿಗೆ ಚಕ್ರದ ಮೀಟರ್ ಹೋಗಿ ಡಿಜಿಟಲ್ ಮೀಟರ್ ಬಂದಿತ್ತು. ಅಪ್ಪನಿಗೆ ನೋಡಲು ಚಕ್ರವೇ ಇಲ್ಲ. ಅದರ ಬದಲು ಒಂದು ಪುಟ್ಟ ಕೆಂಪು ದೀಪ ಮಿಣುಕುತ್ತೆ. ಅದೂ ಎಲ್‌ಇಡಿಯೇ. ನಮ್ಮ ಮೀಟರಿನ ಮೇಲೆ 3200 ಅಂತ ಬರೆದಿದೆ, ಅಂದರೆ ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್. ಒಂದು ಸಂಜೆ ಫ್ರಿಜ್ಜು, ಫ್ಯಾನು ಎಲ್ಲ ಆರಿಸಿ, ಅಪ್ಪನನ್ನು ಮೀಟರಿನ ಮುಂದೆ ಕುರ್ಚಿ ಹಾಕಿ ಕೂರಿಸಿದೆ. ಒಂದು 9 ವ್ಯಾಟಿನ ಬಲ್ಬು ಹಾಕಿದೆ. ಮಿಣುಕಲಿಲ್ಲ. ಅಪ್ಪ ಗಡಿಯಾರ ನೋಡಿದರು. ಮಿಣುಕಲಿಲ್ಲ. ಎರಡು ನಿಮಿಷ ಆದ ಮೇಲೆ ಒಂದು ಸಲ ಮಿಣುಕಿ ಸುಮ್ಮನಾಯಿತು. ಆಮೇಲೆ ಗೀಸರ್ ಹಾಕಿದೆ, 2000 ವ್ಯಾಟಿನದು. ದೀಪ ಪಟಪಟ ಹೊಡೆದುಕೊಳ್ಳತೊಡಗಿತು, ಸೆಕೆಂಡಿಗೆ ಹತ್ತಿರಹತ್ತಿರ ಎರಡು ಸಲ. ಅಪ್ಪ ಎಣಿಸಲು ಹೋಗಿ ಸೋತರು. ಅರ್ಧ ಗಂಟೆ ಗೀಸರಿನಲ್ಲಿ ಹೋಗುವ ಒಂದು ಯೂನಿಟ್ಟಿನಲ್ಲಿ ಈ ಬಲ್ಬು 111 ಗಂಟೆ ಉರಿಯುತ್ತೆ ಅಂತ ವಿವರಿಸಿದೆ. ಇನ್ನು ಬಲ್ಬಿನ ಹಿಂದೆ ಓಡುವುದು ಬಿಡುತ್ತಾರೆ ಅಂದುಕೊಂಡೆ. ಬಿಡಲಿಲ್ಲ. ಮಾರನೆಯ ದಿನದಿಂದ ಬಚ್ಚಲಿನ ಬಾಗಿಲನ್ನೂ ಬಡಿಯತೊಡಗಿದರು.

ಆ ವರ್ಷವೇ ಒಂದು ಮದುವೆಗೆ ದುರ್ಗಕ್ಕೆ ಹೊರಟಿದ್ದೆವು. ಚಿತ್ರದುರ್ಗ ಹತ್ತಿರವಾದಂತೆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಕಾಣುತ್ತವಲ್ಲ, ಬಸ್ಸಿನ ಕಿಟಕಿಯಿಂದ ಅಪ್ಪ ಅವನ್ನೇ ನೋಡುತ್ತಿದ್ದರು. ಎಲ್ಲ ತಿರುಗುತ್ತಿದ್ದವು, ಒಂದು ಮಾತ್ರ ನಿಂತಿತ್ತು. "ಆ ಒಂದನ್ನ ಯಾರೋ ಬುದ್ಧಿವಂತರು ಆರಿಸ್ಯಾರೆ" ಅಂದರು.

2023ರಲ್ಲಿ ಗೃಹಜ್ಯೋತಿ ಬಂತು. 200 ಯೂನಿಟ್‌ವರೆಗೆ ಉಚಿತ. ಜುಲೈ ತಿಂಗಳ ಬಳಕೆಗೆ ಆಗಸ್ಟಿನಲ್ಲಿ ಸೊನ್ನೆ ಬಿಲ್ಲು ಬಂತು. ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ನಾನು ಇಡೀ ಜನ್ಮ ಈ ದಿನಕ್ಕೆ ಕಾಯುತ್ತಿದ್ದೆ. ಸಂಜೆ ಬೇಕಂತಲೇ ಪಡಸಾಲೆಯ ಲೈಟು ಬಿಟ್ಟು ಎದ್ದುಹೋದೆ. "ಕರೆಂಟೇನು ಪುಕ್ಕಟೆ..." ಅಂತ ಅಪ್ಪ ಶುರು ಮಾಡಿದರು. "ಹೂಂ, ಬರ್ತತೆ" ಅಂದೆ.

ಗೆದ್ದೆ ಅಂದುಕೊಂಡದ್ದು ಒಂದೇ ವಾರ. ಯೋಜನೆಯ ಲೆಕ್ಕ ಹೀಗಿತ್ತು: 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿದ್ದೀರೋ, ಅದಕ್ಕೆ ಶೇಕಡ 10 ಸೇರಿಸಿದರೆ ನಿಮ್ಮ ಪಾಲು. ನಾವು ಆರಿಸಿ ಆರಿಸಿ ಸರಾಸರಿಯನ್ನು 62ಕ್ಕೆ ಇಳಿಸಿಕೊಂಡಿದ್ದೆವು. ಹಾಗಾಗಿ ನಮಗೆ 68. ಪಕ್ಕದ ಮನೆಯವರು ಹಗಲೂ ಲೈಟು ಹಾಕಿಕೊಂಡೇ ಇದ್ದವರು, ಅವರಿಗೆ 154. ಅಪ್ಪ ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ ಹೊಸ ಪ್ರಶ್ನೆ ಸಿದ್ಧವಾಗಿತ್ತು. "ಅರವತ್ತೆಂಟು ದಾಟಿದ್ರೆ ಯಾರು ಕಟ್ತಾರೆ?"

ಅಪ್ಪನದೇ ತಪ್ಪು ಅನ್ನಲು ನನಗೂ ಬಾಯಿಲ್ಲ. ನಾಲ್ಕು ಬಲ್ಬಿನ ಮನೆಯಲ್ಲಿ ಈಗ ಹತ್ತೊಂಬತ್ತು ಇವೆ. ಕಮ್ಮಿ ಎಳೆಯುತ್ತವಲ್ಲ ಅಂತ ಕಪಾಟಿನೊಳಗೆ ಒಂದು, ಮೆಟ್ಟಿಲಿಗೆ ಎರಡು, ತುಳಸಿಕಟ್ಟೆಗೆ ಒಂದು, ಸೀಲಿಂಗಿನ ಅಂಚಿಗೆ ಯಾಕೆ ಹಾಕಿಸಿದೆನೋ ನನಗೇ ಗೊತ್ತಿಲ್ಲದ ಆರು. ಹತ್ತೊಂಬತ್ತೂ ಸೇರಿದರೆ 130 ವ್ಯಾಟು. ಹಳೆಯ ನಾಲ್ಕೇ 240 ಆಗುತ್ತಿದ್ದವು ಅನ್ನುವುದು ನನ್ನ ವಾದ. ಹದಿನೈದು ಯಾಕೆ ಬೇಕಿತ್ತು ಅನ್ನುವುದು ಅಪ್ಪನ ವಾದ.

ಹೋದ ತಿಂಗಳು ಪಡಸಾಲೆಯ ಬಲ್ಬು ಹೋಯಿತು. ಚಂದ ಕಾಣಲಿ ಅಂತ ಅದನ್ನು ಗಾಜಿನ ಗುಮ್ಮಟದೊಳಗೆ ಮುಚ್ಚಿಟ್ಟಿದ್ದೆ. ಎಲ್‌ಇಡಿಗೂ ಬೆನ್ನಿನ ಕಡೆ ಬಿಸಿ ಇರುತ್ತೆ, ಗಾಳಿಯಾಡದಿದ್ದರೆ ಬೇಗ ಸಾಯುತ್ತೆ ಅಂತ ಗೊತ್ತಿದ್ದೂ ಮಾಡಿದ ಕೆಲಸ. ಇಳಿಸಿ ಮುಚ್ಚಳ ಕಿತ್ತು ನೋಡಿದೆ. ಹತ್ತಾರು ಹಳದಿ ಚುಕ್ಕಿಗಳು ದುಂಡಗೆ ಕೂತಿದ್ದವು. ಒಂದರ ನಡುವೆ ಮಾತ್ರ ಗಸಗಸೆಯಷ್ಟು ಕಪ್ಪು. ಎಲ್ಲ ಒಂದರ ಹಿಂದೊಂದು ಸರಪಳಿಯಲ್ಲಿರುವುದರಿಂದ ಆ ಒಂದು ಹೋದರೆ ಎಲ್ಲ ಕತ್ತಲು.

ಅಪ್ಪ ಕನ್ನಡಕ ಹಾಕಿಕೊಂಡು ಬಲ್ಬಿನ ಕತ್ತಿನ ಮೇಲಿದ್ದ ತಮ್ಮದೇ ಅಕ್ಷರ ಓದಿದರು. 12-3-2021. ತಂದ ದಿನ ಡಬ್ಬಿಯ ಮೇಲೆ 25,000 ಗಂಟೆ ಅಂತ ಇದ್ದದ್ದು ಅವರಿಗೆ ನೆನಪಿತ್ತು. ದಿನಕ್ಕೆ ಐದು ಗಂಟೆಯಂತೆ ಹದಿಮೂರು ವರ್ಷ ದಾಟುತ್ತೆ, ಇದು ನನ್ನ ಮಣ್ಣು ಮಾಡಿಯೇ ಹೋಗೋ ಬಲ್ಬು ಅಂತ ಅವತ್ತು ಅವ್ವನ ಹತ್ತಿರ ಹೇಳಿದ್ದರಂತೆ. ಈಗ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು. "ಬಲ್ಬೇ ಮೊದ್ಲು ಹೋತು ನೋಡು" ಅಂದರು. ಬಹಳ ಖುಷಿಯಲ್ಲಿದ್ದರು.

ಹೊಸ ಬಲ್ಬಿಗೆ ತಾರೀಖು ಬರೆದು ಕೊಟ್ಟರು. ಗುಮ್ಮಟ ಬಿಟ್ಟು ಬರೀ ಹೋಲ್ಡರಿಗೆ ಹಾಕಿದೆ. ಬೆಳಗಿತು. ನಾನಿನ್ನೂ ಸ್ಟೂಲಿನ ಮೇಲೇ ಇದ್ದೆ, ಸ್ಕ್ರೂ ಒಂದು ಬಾಯಲ್ಲಿತ್ತು. ಟಕ್ ಅಂತ ಕತ್ತಲಾಯಿತು.

"ಹತ್ತುತ್ತೆ ಅಂತ ಗೊತ್ತಾತಲ್ಲ, ಇಳಿ ಇನ್ನ" ಅಂದರು ಅಪ್ಪ.