ಬಾಹ್ಯಾಕಾಶಕ್ಕೆ ಪಿನ್‌ಕೋಡ್ ಕೊಡೋರು ಯಾರು?

ನಿನ್ನೆ ರಾತ್ರಿ ಅಕ್ಕನ ಮಗ "ಚಿಕ್ಕಮ್ಮಾ, ನಿಮ್ಮ ಇಲಾಖೆ ಸಿನಿಮಾ" ಅಂತ ಕಿಚಾಯಿಸ್ತಾ 'ಮೆನ್ ಇನ್ ಬ್ಲ್ಯಾಕ್ 2' ಹಾಕಿದ. 2002ರದ್ದು. ಟಾಮಿ ಲೀ ಜೋನ್ಸ್ ನೆನಪು ಅಳಿಸಿಹೋಗಿ ಮ್ಯಾಸಚೂಸೆಟ್ಸಿನ ಟ್ರೂರೋ ಅನ್ನೋ ಸಣ್ಣ ಊರಲ್ಲಿ ಪೋಸ್ಟ್ ಮಾಸ್ಟರ್ ಆಗಿರ್ತಾನೆ. ವಿಲ್ ಸ್ಮಿತ್ ಹುಡುಕಿಕೊಂಡು ಬರ್ತಾನೆ. ಆಮೇಲೆ ಜೋಕು: ಆ ಪೋಸ್ಟಾಫೀಸಲ್ಲಿ ಕೆಲಸ ಮಾಡೋರು ಹೆಚ್ಚುಕಮ್ಮಿ ಎಲ್ಲರೂ ಅನ್ಯಗ್ರಹದವರು! ಕಾಗದ ವಿಂಗಡಿಸೋ ಯಂತ್ರದೊಳಗೆ ಕೂತಿರೋದು ಏನೇನೋ ಕೈಗಳ ಒಂದು ಜೀವಿ. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಮೈ ಉರಿದುಹೋಯ್ತು.

ಯಾಕೆ ಅಂತ ನಿಮಗೆ ಹೇಳಬೇಕಾಗಿಲ್ಲ. ನಮ್ಮನೆ ಜಗಲಿಯೇ ಊರಿನ ಬ್ರಾಂಚ್ ಪೋಸ್ಟಾಫೀಸು, ಅಪ್ಪ ಬಿಪಿಎಂ, ಅಂದರೆ ಬ್ರಾಂಚ್ ಪೋಸ್ಟ್ ಮಾಸ್ಟರ್. ಬಸ್ಸಲ್ಲಿ ಬಂದ ಬ್ಯಾಗನ್ನ ಒಡೆದು, ಲೆಕ್ಕ ತಾಳೆ ನೋಡಿ, ಡೇಟ್ ಸ್ಟಾಂಪ್ ಹೊಡೆದು, ಮನಿಯಾರ್ಡರ್ ಎಣಿಸಿ ಇಡೋ ಹೊತ್ತಿಗೆ ನಮ್ಮ ಪಾಲಿನ ದೋಸೆ ತಣ್ಣಗಾಗ್ತಿತ್ತು. ಆ ಕೆಲಸಕ್ಕೆ ಹತ್ತು ಕೈ ಬೇಕು ಅನ್ನೋದೇನೋ ನಿಜ. ಆದರೆ ಅಪ್ಪ ಎರಡರಲ್ಲೇ ಮಾಡ್ತಿದ್ದರು.

ರಾತ್ರಿಯೆಲ್ಲ ಯೋಚನೆ ಮಾಡಿದೆ (ನಿದ್ದೆ ಬರೋದು ಅಷ್ಟರಲ್ಲೇ ಇದೆ). ಈ ಸೈನ್ಸ್ ಫಿಕ್ಷನ್ ಸಿನಿಮಾದವರಿಗೆ ಸರ್ಕಾರಿ ಅಂಚೆ ಅಂದರೆ ಒಂದೋ ಗೇಲಿ, ಇಲ್ಲಾ ಹೆಣ. ದಿನಾ ಬೆಳಗ್ಗೆ ಬಾಗಿಲು ತೆಗೆದು ಕೆಲಸ ಮಾಡೋ ಒಂದು ಭವಿಷ್ಯದ ಪೋಸ್ಟಾಫೀಸು ತೋರಿಸಿ ನೋಡೋಣ!

ಖಾಸಗಿ ಕಂಪನಿ ಆದ್ರೆ ಮಾತ್ರ ಧಾರಾಳ ಜಾಗ. 1968ರ '2001: ಎ ಸ್ಪೇಸ್ ಒಡಿಸ್ಸಿ'ಯಲ್ಲಿ ಬಾಹ್ಯಾಕಾಶಕ್ಕೆ ಹೋಗೋದು ಪ್ಯಾನ್ ಆಮ್ ವಿಮಾನ. ಅಲ್ಲಿಂದ ಮಗಳಿಗೆ ವಿಡಿಯೊ ಕಾಲ್ ಮಾಡೋದು ಬೆಲ್ ಕಂಪನಿ ಫೋನಲ್ಲಿ, ಬಿಲ್ಲು 1.70 ಡಾಲರ್. ತಂಗೋಕೆ ಹಿಲ್ಟನ್ ಕೂಡ ಇದೆ. ಒಂದು ಕೆಂಪು ಡಬ್ಬ, ನೀಲಿ ಡಬ್ಬ, ಯಾವುದೋ ಒಂದು ಅಂಚೆ ಡಬ್ಬ? ನನ್ನ ಕಣ್ಣಿಗೆ ಬೀಳಲಿಲ್ಲ. ಆಮೇಲೇನಾಯ್ತು? 1984ರಲ್ಲಿ ಬೆಲ್ ಸಾಮ್ರಾಜ್ಯ ಹೋಳಾಯ್ತು, 1991ರಲ್ಲಿ ಪ್ಯಾನ್ ಆಮ್ ಬಾಗಿಲು ಹಾಕ್ತು. ಅಮೆರಿಕದ ಅಂಚೆ ಇವತ್ತಿಗೂ ಮನೆ ಬಾಗಿಲಿಗೆ ಬರ್ತಿದೆ.

'ಬ್ಯಾಕ್ ಟು ದ ಫ್ಯೂಚರ್ 2' ಅಂತೂ ಹಗಲು ದರೋಡೆ. 1885ರಲ್ಲಿ ಬರೆದ ಕಾಗದ 70 ವರ್ಷ ಜೋಪಾನವಾಗಿದ್ದು, 1955ರಲ್ಲಿ, ಸುರಿಯೋ ಮಳೆಯಲ್ಲಿ, ಹೇಳಿದ ಜಾಗಕ್ಕೆ ಹೇಳಿದ ನಿಮಿಷಕ್ಕೆ ಬರುತ್ತೆ. ಎಂಥಾ ದೃಶ್ಯ ಕಣ್ರೀ! ತಂದುಕೊಡೋನು ಮಾತ್ರ ವೆಸ್ಟರ್ನ್ ಯೂನಿಯನ್ ಅನ್ನೋ ತಂತಿ ಕಂಪನಿಯವನು. ಆ ಕಂಪನಿ 2006ರಲ್ಲಿ ತಂತಿ ಸೇವೆಯನ್ನೇ ನಿಲ್ಲಿಸಿತು. ಸರ್ಕಾರಿ ನೌಕರ 70 ವರ್ಷ ಕಾಗದ ಕಾಯ್ತಾನೆ ಅಂದರೆ ಪ್ರೇಕ್ಷಕರು ನಂಬಲ್ಲ ಅಂತ ಅಂದುಕೊಂಡರೋ ಏನೋ. ಟೈಮ್ ಮೆಷಿನ್ ಕಾರನ್ನ ಮಾತ್ರ ನಂಬ್ತಾರೆ.

ಈಗ ಯಾರಾದ್ರೂ ಕೆವಿನ್ ಕಾಸ್ಟ್ನರ್‌ನ 'ದ ಪೋಸ್ಟ್‌ಮ್ಯಾನ್' ಎತ್ತಿಕೊಂಡು ಬರ್ತೀರಿ, ಗೊತ್ತು. 1997ರದ್ದು, ಡೇವಿಡ್ ಬ್ರಿನ್ ಕಾದಂಬರಿ ಆಧಾರ. "ಅಲ್ಲಿ ಹೀರೋನೇ ಅಂಚೆಯವನಲ್ಲಾ, ಇನ್ನೇನು ಬೇಕು ನಿಮಗೆ?" ಸ್ವಾಮೀ, ಅವನು ಅಂಚೆಯವನೇ ಅಲ್ಲ! ದೇಶ ಹಾಳಾಗಿ ಹೋಗಿದೆ, ಇಸವಿ 2013. ಅಲೆಮಾರಿಯೊಬ್ಬನಿಗೆ ಜೀಪಲ್ಲಿ ಸತ್ತ ಪೋಸ್ಟ್‌ಮ್ಯಾನ್ ಸಿಗ್ತಾನೆ, ಇವನು ಅವನ ಬಟ್ಟೆ ಹಾಕ್ಕೊಂಡು, ಚೀಲ ಹೊತ್ಕೊಂಡು, ಸರ್ಕಾರ ಮತ್ತೆ ಬಂದಿದೆ ಅಂತ ಸುಳ್ಳು ಹೇಳಿ ಊಟ ಗಿಟ್ಟಿಸ್ತಾನೆ. ಹೆಣದ ಮೈಮೇಲಿನ ಯೂನಿಫಾರ್ಮ್ ಇಲ್ಲದೆ ಇವರಿಗೆ ಅಂಚೆ ಕಥೆ ಹೊಳೆಯೋದೇ ಇಲ್ಲ. (ಅಂದಹಾಗೆ ನಮ್ಮಲ್ಲಿ ತಂತಿ ಸೇವೆ ನಿಂತಿದ್ದೂ ನಿಜವಾದ 2013ರಲ್ಲೇ.)

ಆದರೆ ಅದೇ ಸಿನಿಮಾದಲ್ಲಿ ಫೋರ್ಡ್ ಲಿಂಕನ್ ಮರ್ಕ್ಯುರಿ ಅಂತ ಒಬ್ಬ ಹುಡುಗ ಇದ್ದಾನೆ, ಕಾರುಗಳ ಹೆಸರು ಇಟ್ಟುಕೊಂಡವನು. ಆ ಸುಳ್ಳನ್ನ ನಂಬಿ, ಪ್ರಮಾಣ ಮಾಡಿ, ಹೀರೋ ಗಾಯ ಮಾಡ್ಕೊಂಡು ಬೆಟ್ಟದ ಗುಡಿಸಲಲ್ಲಿ ಚಳಿಗಾಲ ಕಳೀತಿರೋವಾಗ ಊರೂರಿಗೆ ಹುಡುಗ ಹುಡುಗಿಯರನ್ನ ಸೇರಿಸಿ ನಿಜವಾದ ಬಟವಾಡೆ ಶುರು ಮಾಡಿಬಿಡ್ತಾನೆ. ಯಾವ ಹುಡುಗಿ ಯಾವ ದಾರಿ, ಯಾವ ಊರಿಗೆ ಎಷ್ಟು ದಿನಕ್ಕೊಮ್ಮೆ, ಚೀಲ ಎಲ್ಲಿ ಬದಲಾಯಿಸೋದು, ಕುದುರೆಗೆ ಮೇವು ಎಲ್ಲಿ... ನನಗೆ ಬೇಕಿದ್ದ ಸಿನಿಮಾ ಅದು! ಕ್ಯಾಮೆರಾ ಆಗ ಎಲ್ಲಿತ್ತು? ಆ ಗುಡಿಸಲಲ್ಲಿ, ಕಾಸ್ಟ್ನರ್ ಮುಖದ ಮೇಲೆ. ಕೆಟ್ಟ ಸಿನಿಮಾಗಳಿಗೆ ಕೊಡೋ ರಾಝಿ ಪ್ರಶಸ್ತಿ ಬಂತು, ಕೊನೆಗೆ ಅವನದ್ದೇ ಪ್ರತಿಮೆ ಇಡೋ ದೃಶ್ಯಕ್ಕೆ ಬರಲೇಬೇಕಿತ್ತು ಬಿಡಿ. ಆದರೂ ಜನ ತಮ್ಮ ತಮ್ಮ ಕಾಗದ ತಂದು ಅವನ ಕೈಗೆ ತುರುಕ್ತಾರಲ್ಲ, ಅಲ್ಲಿ ನಾನು ಅತ್ತಿದ್ದೀನಿ. ಸ್ವಂತ ತಂಗಿ ಮದುವೇಲಿ ಅಳದವಳು.

"ಮುಂದೆ ಕಾಗದ ಯಾರು ಬರೀತಾರೆ?" ಅನ್ನೋದು ಇನ್ನೊಂದು ಬುದ್ಧಿವಂತಿಕೆ. ಹೌದಪ್ಪಾ, ಡೆನ್ಮಾರ್ಕಿನ ಅಂಚೆ 2025ರ ಕೊನೆಗೆ ಪತ್ರ ಹಂಚೋದು ನಿಲ್ಲಿಸ್ತೀವಿ ಅಂತ ಹೇಳ್ತು, ನಾನೂ ಓದಿದೆ. ಅಂಚೆ ಅಂದರೆ ಬರೀ ಪ್ರೇಮಪತ್ರವಾ? ಗ್ರ್ಯಾಂಡ್ ಕ್ಯಾನ್ಯನ್ ತಳದಲ್ಲಿ ಸುಪಾಯ್ ಅಂತ ಒಂದು ಹಳ್ಳಿ ಇದೆ, ರಸ್ತೆ ಇಲ್ಲ, ಅಮೆರಿಕದ ಅಂಚೆ ಅಲ್ಲಿಗೆ ಇವತ್ತಿಗೂ ಹೇಸರಗತ್ತೆ ಮೇಲೆ ಹೋಗುತ್ತೆ. ಅದರಲ್ಲಿ ದಿನಸಿಯೂ ಇರುತ್ತೆ. ಲಾಭ ಇಲ್ಲದ ಊರಿಗೂ ಹೋಗಲೇಬೇಕು ಅನ್ನೋದೇ ಅಂಚೆಯ ಕಟ್ಟಳೆ. ಮಂಗಳ ಗ್ರಹದಲ್ಲಿ ನಾಲ್ಕೇ ಮನೆ ಇದ್ದಾಗ ಅಲ್ಲಿಗೆ ಮಾತ್ರೆ ತಗೊಂಡು ಹೋಗೋ ಖಾಸಗಿ ಕಂಪನಿ ಯಾವುದು ಅಂತ ಒಂಚೂರು ಹೇಳಿ, ಷೇರು ತಗೋತೀನಿ.

ಸಿನಿಮಾದವರಿಗೆ ಹೊಳೆಯದ್ದನ್ನ ಇಲಾಖೆಯವರೇ ಮಾಡಿ ಮುಗಿಸಿದ್ದಾರೆ ಅನ್ನೋದು ನನ್ನ ಇನ್ನೊಂದು ಉರಿ. 1959ರ ಜೂನ್ 8ರಂದು ಅಮೆರಿಕದ ಬಾರ್ಬೆರೊ ಅನ್ನೋ ಜಲಾಂತರ್ಗಾಮಿಯಿಂದ ರೆಗ್ಯುಲಸ್ ಕ್ಷಿಪಣಿ ಹಾರಿಸಿದರು. ಸಿಡಿತಲೆ ಜಾಗದಲ್ಲಿ 3,000 ಕಾಗದ! ಸುಮಾರು 22 ನಿಮಿಷಕ್ಕೆ ಫ್ಲಾರಿಡಾದ ಮೇಪೋರ್ಟಲ್ಲಿ ಇಳೀತು. ಅಂಚೆ ಮುಖ್ಯಸ್ಥ ಆರ್ಥರ್ ಸಮ್ಮರ್‌ಫೀಲ್ಡ್, ಮನುಷ್ಯ ಚಂದ್ರನನ್ನ ಮುಟ್ಟೋ ಮೊದಲೇ ಇಂಡಿಯಾಕ್ಕೂ ಹೀಗೇ ಕೆಲವೇ ಗಂಟೆಯಲ್ಲಿ ಕಾಗದ ಕಳಿಸ್ತೀವಿ ಅಂದುಬಿಟ್ಟ. ಬರಲಿಲ್ಲ, ಅದು ಬೇರೆ ಮಾತು. ಅದಕ್ಕೂ ಮುಂಚೆ, 1930ರ ದಶಕದಲ್ಲೇ, ನಮ್ಮ ಕಲ್ಕತ್ತಾದ ಸ್ಟೀಫನ್ ಸ್ಮಿತ್ ರಾಕೆಟ್ಟಲ್ಲಿ ಕಾಗದ ಹಾರಿಸಿದ್ದ. ಒಂದು ಸಲ ಕೋಳಿ, ಹುಂಜ ಎರಡನ್ನೂ ಕೂರಿಸಿ ದಾಮೋದರ್ ನದಿ ದಾಟಿಸಿದ, ಎರಡೂ ಬದುಕಿದ್ದವು. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು, ಆ ದಪ್ಪ ಗ್ಲೌಸಲ್ಲಿ, ಅಂಚೆಚೀಟಿಗೆ ಮುದ್ರೆ ಒತ್ತಿದ. ಅದೇ ಯಾತ್ರೆಯಲ್ಲಿ ಅನುಮತಿ ಇಲ್ಲದ ಸುಮಾರು 400 ಲಕೋಟೆಗಳೂ ಕದ್ದುಮುಚ್ಚಿ ಚಂದ್ರನಿಗೆ ಹೋಗಿ ದೊಡ್ಡ ಹಗರಣ ಆಯ್ತು. ಚಂದ್ರಲೋಕದಲ್ಲೂ ಇನ್‌ಸ್ಪೆಕ್ಷನ್ ಬೇಕು ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?

'ಇಂಟರ್‌ಸ್ಟೆಲ್ಲರ್'ನಲ್ಲಿ 23 ವರ್ಷದ ವಿಡಿಯೊ ಸಂದೇಶಗಳು ಒಟ್ಟಿಗೇ ಬಂದು ಹೀರೋ ಬಿಕ್ಕಿ ಬಿಕ್ಕಿ ಅಳ್ತಾನೆ. ಎಲ್ಲರೂ ಅತ್ತಿರಿ. ಅಷ್ಟನ್ನೂ ಯಾರು ಕಾದಿಟ್ಟರು, ಯಾರು ವಿಂಗಡಿಸಿದರು ಅಂತ ಯಾರಾದ್ರೂ ಕೇಳಿದಿರಾ? ಇವರಿಗೆ ಅಳಿಸೋಕೆ ಓಲೆ ಬೇಕು, ತಂದುಕೊಡೋನು ಬೇಡ.

ಹೌದು, ಇಲಾಖೆ ಪರೀಕ್ಷೇಲಿ ಫೇಲಾದವಳ ಹೊಟ್ಟೆಕಿಚ್ಚೂ ಇದರಲ್ಲಿ ಇರಬಹುದು. ಇರಲಿ.

"ಅಕ್ಕಾ, ಅದು ಬರೀ ಸಿನಿಮಾ" ಅಂತ ಕಾಮೆಂಟ್ ಹಾಕೋರು ದಯವಿಟ್ಟು ಮುಂದೆ ಹೋಗಿ. ಬೇರೆ ಗ್ರಹದಲ್ಲಿ ಹಾಜರಿ ಹಾಕಿ, ಬ್ಯಾಗ್ ಒಡೆದು, ಸಾರ್ಟಿಂಗ್ ಮಾಡಿ, ಆರ್‌ಡಿ ಕಂತು ಕಟ್ಟಿಸ್ಕೊಳ್ಳೋ ಪೋಸ್ಟಾಫೀಸು ಇರೋ ಸಿನಿಮಾ ಯಾವ ಭಾಷೇಲಾದ್ರೂ ಇದ್ದರೆ ಹೆಸರು ಹಾಕಿ. ಸಬ್‌ಟೈಟಲ್ ಇಲ್ಲದಿದ್ದರೂ ನೋಡ್ತೀನಿ. ಕಾಮಿಡಿ ಬೇಡ.