ಸೈರನ್ನಿನ ಆರೋಗ್ಯ ಚೆನ್ನಾಗಿದೆ

ರೋಗಿಯನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಒಯ್ಯುವ ಆಂಬುಲೆನ್ಸ್‌ನಲ್ಲಿ ಎಂದೂ ಕೈಕೊಡದ ಉಪಕರಣ ಒಂದೇ, ಸೈರನ್. ಅದರ ದನಿ ಕುಗ್ಗಿದ್ದನ್ನು ಯಾರೂ ಕೇಳಿಲ್ಲ. ಚಾರ್ಜ್ ಇಳಿಯುವುದೇನಿದ್ದರೂ ಔಷಧ ಹನಿಸುವ ಇನ್ಫ್ಯೂಷನ್ ಪಂಪಿನದ್ದು, ವೆಂಟಿಲೇಟರಿನದ್ದು. ಪಾಪ, ಅವೂ ಅಲಾರಂ ಹೊಡೆಯುತ್ತವೆ. ಸೈರನ್ ಗದ್ದಲದಲ್ಲಿ ಕೇಳಿಸಬೇಕಲ್ಲ!

ಆಕ್ಸಿಜನ್ ಲೆಕ್ಕಕ್ಕೆ ಮಗ್ಗಿ ಬಂದರೆ ಸಾಕು. ಸಿಲಿಂಡರಿನಲ್ಲಿ ಎಷ್ಟು ಲೀಟರ್ ನೀರು ಹಿಡಿಯುತ್ತದೋ ಅದನ್ನು ಒತ್ತಡ ಅಳೆಯುವ ಗೇಜ್ ತೋರಿಸುವ ಬಾರ್‌ನಿಂದ ಗುಣಿಸಿ. 10 ಲೀಟರಿನ ಸಿಲಿಂಡರಿನಲ್ಲಿ 50 ಬಾರ್ ಉಳಿದಿದ್ದರೆ 500 ಲೀಟರ್ ಅನಿಲ. ನಿಮಿಷಕ್ಕೆ 15 ಲೀಟರ್ ಬಿಟ್ಟರೆ 33 ನಿಮಿಷ. ದಾರಿ ಒಂದು ಗಂಟೆಯದ್ದು. ಮಿಕ್ಕ 27 ನಿಮಿಷ ರೋಗಿ ಸ್ವಾವಲಂಬಿಯಾಗಲಿ ಎಂಬುದು ವ್ಯವಸ್ಥೆಯ ಹಾರೈಕೆ ಇರಬೇಕು. ಬೇಕಾದದ್ದರ ಎರಡು ಪಟ್ಟು ಒಯ್ಯಿರಿ ಎಂದವರು ಟ್ರಾಫಿಕ್ ಜಾಮ್ ಕಂಡವರು.

ಗೇಜಿನ ಮುಳ್ಳಿನದ್ದು ಬೇರೆಯೇ ನಾಟಕ. ಹಿಂದಿನ ಸಲ ಕವಾಟ ಮುಚ್ಚಿದವರು ಒತ್ತಡ ಇಳಿಸುವ ರೆಗ್ಯುಲೇಟರಿನಲ್ಲಿ ಉಳಿದ ಅನಿಲವನ್ನು ಬಿಡದೆ ಹೋದರೆ ಮುಳ್ಳು 150ರಲ್ಲೇ ನಿಂತಿರುತ್ತದೆ. ‘ಫುಲ್ ಇದೆ ಸಾರ್’ ಎಂದವರು ಸುಳ್ಳು ಹೇಳಿಲ್ಲ. ಅನಿಲದ ಹರಿವು ಹೊಂದಿಸುವ ಫ್ಲೋಮೀಟರ್ ತಿರುಗಿಸಿದ ಕೆಲವೇ ಕ್ಷಣಗಳಲ್ಲಿ ಮುಳ್ಳು ಸೊನ್ನೆಗೆ ಬೀಳುತ್ತದೆ. ಕವಾಟ ತೆರೆಯೋಣವೆಂದರೆ ಕೀಲಿ ಇನ್ನೊಂದು ಗಾಡಿಯಲ್ಲಿ. ಒಂದು ಗೇಣು ದಾರದಲ್ಲಿ ಸಿಲಿಂಡರಿನ ಕೊರಳಿಗೇ ಕಟ್ಟಬಹುದಿತ್ತು, ಆದರೆ ದಾರಕ್ಕೆ ಟೆಂಡರ್ ಆಗಿಲ್ಲ.

ಹಾಸಿಗೆಯಿಂದ ಸ್ಟ್ರೆಚರ್‌ಗೆ ಎತ್ತುವಾಗ ನಾಲ್ವರು ನಾಲ್ಕು ತಾಳದಲ್ಲಿ ‘ಒಂದು, ಎರಡು’ ಎಣಿಸುತ್ತಾರೆ. ಎಣಿಸಬೇಕಾದವನು ತಲೆಯ ಬಳಿ ಉಸಿರಿನ ನಳಿಕೆ ಹಿಡಿದವನೊಬ್ಬನೇ. ತುಟಿಯ ಬಳಿ 22 ಸೆಂಟಿಮೀಟರ್ ಗುರುತಿಗೆ ಅಂಟಿಸಿದ ನಳಿಕೆ ಅತ್ತಿತ್ತ ಆಯಿತೇ ಎಂದು ನೋಡುವುದೂ ಅವನ ಕೆಲಸ. ಎದೆಯೊಳಗೆ ಸೇರಿದ ಗಾಳಿ, ದ್ರವ ಹೊರತೆಗೆಯುವ ಡ್ರೈನ್ ಬಾಟಲಿ ಎದೆಗಿಂತ ಕೆಳಗಿರಬೇಕು. ಆದರೆ ಬಾಗಿಲಿಗೆ ತಾಗುತ್ತದೆಂದು ಅದನ್ನು ರೋಗಿಯ ಹೊಟ್ಟೆಯ ಮೇಲೆ ಕೂರಿಸುತ್ತಾರೆ. ಬಾಟಲಿಯ ನೀರು ಎದೆಯೊಳಗೆ ಹೋದೀತೆಂದು ಅದರ ನಳಿಕೆಗೆ ಕ್ಲ್ಯಾಂಪನ್ನೂ ಬಿಗಿಯುತ್ತಾರೆ. ಶ್ವಾಸಕೋಶದಿಂದ ಸೋರುವ ಗಾಳಿಗೆ ಆಮೇಲೆ ದಾರಿಯಿಲ್ಲ. ವೆಂಟಿಲೇಟರ್ ಗಾಳಿ ತುಂಬುತ್ತಲೇ ಇರುತ್ತದೆ, ಆ ಗಾಳಿ ಹೃದಯವನ್ನು ಅಮುಕುತ್ತಲೇ ಇರುತ್ತದೆ.

ವೇಗದ ಭಕ್ತರಿಗೂ ಒಂದು ಮಾತು. ತಲೆ ಮುಂದಾಗಿ ಮಲಗಿದವರ ರಕ್ತ ಆಕ್ಸಿಲರೇಟರ್ ಒತ್ತಿದಾಗ ಕಾಲಿಗೆ, ಬ್ರೇಕ್ ತುಳಿದಾಗ ತಲೆಗೆ. ಬಿಪಿ ಬಿದ್ದವರಿಗೂ ತಲೆಗೆ ಪೆಟ್ಟಾದವರಿಗೂ ಚಾಲಕ ಸಮಾನ ನ್ಯಾಯ ಒದಗಿಸುತ್ತಾನೆ.

ಇಷ್ಟೆಲ್ಲ ಆಗಿ ಗೇಟು ಮುಟ್ಟಿದರೆ ಅಲ್ಲೊಂದು ಪ್ರಶ್ನೆ: ‘ಬೆಡ್ ಇದೆ ಅಂತ ಯಾರು ಹೇಳಿದ್ದು?’ ಫೋನ್ ಮಾಡುವುದು ಯಾರ ಕೆಲಸ ಎಂಬ ಚರ್ಚೆ ಅಲ್ಲೇ ಶುರುವಾಗುತ್ತದೆ, ಸೈರನ್ ಆರಿಸುವುದಕ್ಕೂ ಮೊದಲೇ.