ಸೇತುವೆ ಮುರಿದರೆ ಸೇನೆಯನ್ನೇ ಕರೆಯಬೇಕೇ?

ಪರ

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಗುಡ್ಡ ಕುಸಿಯಿತು. ಚೂರಲ್‌ಮಲ ಮತ್ತು ಮುಂಡಕ್ಕೈ ನಡುವಿನ ಸೇತುವೆ ಕೊಚ್ಚಿಹೋಯಿತು. ಆಚೆ ದಡದಲ್ಲಿ ಜನ ಮಣ್ಣಿನಡಿ ಸಿಕ್ಕಿಬಿದ್ದಿದ್ದರು, ಆಂಬುಲೆನ್ಸ್ ದಾಟಲು ದಾರಿಯೇ ಇರಲಿಲ್ಲ. ಆಗ ಹೋದವರು ನಮ್ಮ ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು, ಅಂದರೆ ಸೇನೆಯ ಎಂಜಿನಿಯರ್ ದಳದವರು. ಸೇನೆಯಲ್ಲಿ ಇವರಿಗೆ ‘ತಂಬಿ’ಗಳು ಅಂತಲೇ ಹೆಸರು. ಆಗಸ್ಟ್ 1ರ ಸಂಜೆಗೆ 190 ಅಡಿಯ ಬೈಲಿ ಸೇತುವೆ, ಅಂದರೆ ಬಿಡಿಭಾಗ ಜೋಡಿಸಿ ಬೇಗ ಕಟ್ಟುವ ಉಕ್ಕಿನ ಸೇತುವೆ, ಸಿದ್ಧವಾಗಿತ್ತು. 24 ಟನ್ ಭಾರ ತಡೆಯುವಂಥದ್ದು. ತಂಡದ ಮುಂದಾಳುಗಳಲ್ಲಿ ಒಬ್ಬರು ಮೇಜರ್ ಸೀತಾ ಶೆಲ್ಕೆ.

ಈ ಸೇತುವೆಯ ಗುಟ್ಟು ಅದರ ಪ್ಯಾನೆಲ್‌ನಲ್ಲಿ, ಅಂದರೆ ಉಕ್ಕಿನ ಚೌಕಟ್ಟಿನಲ್ಲಿದೆ. ಒಂದೊಂದೂ 10 ಅಡಿ ಉದ್ದ, ಸುಮಾರು 260 ಕೆ.ಜಿ. ಆರು ಜನ ಸೇರಿದರೆ ಎತ್ತಬಹುದು. ಒಂದಕ್ಕೊಂದು ಜೋಡಿಸಿ ಪಿನ್ ಬಡಿಯುತ್ತಾರೆ. ಆಮೇಲೆ ಇಡೀ ಸಾಲನ್ನು ರೋಲರ್ ಮೇಲೆ ಆಚೆ ದಡಕ್ಕೆ ತಳ್ಳುತ್ತಾರೆ. ಅರ್ಧದಲ್ಲೇ ನದಿಗೆ ಮಗುಚಬಾರದಲ್ಲ, ಅದಕ್ಕೆ ಮುಂಭಾಗದಲ್ಲಿ ಹಗುರವಾದ ಮೂತಿಯೊಂದನ್ನು ಕಟ್ಟಿರುತ್ತಾರೆ. ಮಳೆಯಲ್ಲಿ, ಕತ್ತಲಲ್ಲಿ, ಕೆಸರಲ್ಲಿ ನಿಂತು ಇದನ್ನು ಮಾಡೋಕೆ ವರ್ಷಗಟ್ಟಲೆ ಪಳಗಿದ ಕೈ ಬೇಕು. ಟೆಂಡರ್ ಕರೆದು ಕೂತರೆ ಆಗುವ ಕೆಲಸವಲ್ಲ.

ವಿರೋಧ

ವಯನಾಡಿನ ಬಗ್ಗೆ ಯಾರಿಗೂ ತಕರಾರಿಲ್ಲ. ಮುಂಬೈ ಕಥೆ ನೋಡಿ. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಾಲ್ಸೇತುವೆಯಲ್ಲಿ ನೂಕುನುಗ್ಗಲಾಗಿ 23 ಜನ ಸತ್ತರು. ಹೊಸ ಕಾಲ್ಸೇತುವೆ ಕಟ್ಟಲು ಸೇನೆ ಬಂತು, 2018ರ ಫೆಬ್ರುವರಿಯಲ್ಲಿ ಅದು ಜನರಿಗೆ ತೆರೆಯಿತು. ಅಲ್ಲೇನು ಗುಡ್ಡ ಕುಸಿದಿತ್ತಾ? ದಿನಾ ಕಣ್ಣೆದುರೇ ಇದ್ದ ಜನಜಂಗುಳಿ ಅದು. 2010ರಲ್ಲಿ ದೆಹಲಿಯಲ್ಲೂ ಹೀಗೇ ಆಯಿತು. ಕಾಮನ್‌ವೆಲ್ತ್ ಕ್ರೀಡಾಂಗಣದ ಬಳಿ ಹೊಸ ಕಾಲ್ಸೇತುವೆ ಕುಸಿದಾಗ ಸೇನೆಯೇ ಬಂದು ಬೇರೆಯದನ್ನು ಕಟ್ಟಿಕೊಟ್ಟಿತು. ಇಲಾಖೆಯ ಮೈಗಳ್ಳತನಕ್ಕೆ ಸೈನಿಕರು ಬೆವರು ಸುರಿಸಬೇಕು, ಚಪ್ಪಾಳೆಯಲ್ಲಿ ತಪ್ಪೆಲ್ಲ ಮರೆತುಹೋಗಬೇಕು. ಇದೇ ನನಗೆ ಜಾಸ್ತಿ ಸಿಟ್ಟು ತರಿಸೋದು.

ಬೈಲಿ ಪ್ಯಾನೆಲ್ ಏನು ಸೇನೆಯ ಗುಟ್ಟಿನ ಆಯುಧವಲ್ಲ. ಎರಡನೇ ಮಹಾಯುದ್ಧದ ಕಾಲದ್ದು. ಕೋಲ್ಕತ್ತದ ಗಾರ್ಡನ್ ರೀಚ್ ಹಡಗುಕಟ್ಟೆಯಲ್ಲೇ ಈ ಬಗೆಯ ಸೇತುವೆ ತಯಾರಾಗುತ್ತದೆ, ರಾಜ್ಯಗಳೂ ಕೊಳ್ಳಬಹುದು. ವಯನಾಡಿಗೆ ಸಾಮಾನು ಬೆಂಗಳೂರು, ದೆಹಲಿಯಿಂದ ಬರಬೇಕಾಯಿತು. ಜಿಲ್ಲೆಯ ಲೋಕೋಪಯೋಗಿ ಗೋದಾಮಿನಲ್ಲೇ ಒಂದು ಸೆಟ್ ಇದ್ದಿದ್ದರೆ ಇನ್ನೂ ಬೇಗ ಆಗುತ್ತಿರಲಿಲ್ಲವೇ? ಹೇಗೂ ಸೇನೆ ವಾಪಸ್ ಹೋದ ಮೇಲೆ ಪಿನ್ನು, ಬೋಲ್ಟು ಸಡಿಲಾಗಿದೆಯಾ ಅಂತ ನೋಡಬೇಕಾದವರು ಇಲ್ಲಿನ ಎಂಜಿನಿಯರ್‌ಗಳೇ ಅಲ್ವಾ? ಪ್ರತಿ ಮಳೆಗಾಲಕ್ಕೆ ಮುಂಚೆ ಅವರನ್ನೇ ಹಲಸೂರಿಗೆ ಕಳಿಸಿ, ತಂಬಿಗಳ ಜೊತೆ ಪ್ಯಾನೆಲ್ ಹೊರಿಸಲಿ.